ಪ್ರೀಪೇಯ್ಡ್ ಮೀಟರಿನ ಹಣ ಮುಗಿದು ನಡುರಾತ್ರಿ ಕರೆಂಟು ಹೋದರೆ: ಹಾಸನದವರ ಒಂದು ಚರ್ಚೆ

ಸಾಲಗಾಮೆ ರಸ್ತೆ ನಿವಾಸಿ

ಮಾನ್ಯರೇ, ಸಾಲಗಾಮೆ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ನಾವು ಬಾಡಿಗೆಗಿದ್ದೇವೆ. ಇಡೀ ಕಟ್ಟಡಕ್ಕೆ ವಿದ್ಯುತ್ ಸರಬರಾಜು ಕಂಪನಿಯಾದ ಸೆಸ್ಕ್‌ನ ಒಂದೇ ಸಂಪರ್ಕವಿದ್ದು, ಒಳಗಿನ ಪ್ರತಿ ಮನೆಗೂ ನಿವಾಸಿಗಳ ಸಂಘವೇ ಪ್ರೀಪೇಯ್ಡ್ ಮೀಟರ್ ಕೂರಿಸಿದೆ. ಮುಂಗಡವಾಗಿ ಆ್ಯಪ್ ಮೂಲಕ ಹಣ ತುಂಬಿಸಬೇಕು. ಬ್ಯಾಲೆನ್ಸ್ ಸೊನ್ನೆಗೆ ಇಳಿದ ಕೂಡಲೇ ಹಗಲು ರಾತ್ರಿ ಎನ್ನದೆ ಮೀಟರ್ ತಾನಾಗಿಯೇ ಕರೆಂಟು ನಿಲ್ಲಿಸಿಬಿಡುತ್ತದೆ.

ತಿಂಗಳ ಮೊದಲ ತಾರೀಖಿಗೆ ಮೇಂಟೆನೆನ್ಸ್ ಹಣವನ್ನೂ ಇದೇ ಬ್ಯಾಲೆನ್ಸಿನಿಂದ ಕಳೆಯುತ್ತಾರೆ. ಹೊರಗಿನ ಕರೆಂಟು ಹೋಗಿ ಜನರೇಟರ್ ಓಡಿದರೆ ಅದರ ಯೂನಿಟ್‌ಗೆ 24 ರೂಪಾಯಿಯಂತೆ ಇಲ್ಲಿಂದಲೇ ಮುರಿಯುತ್ತಾರೆ. ಹೀಗಾಗಿ ನಿನ್ನೆ ನೋಡಿದ ಮೊತ್ತಕ್ಕೂ ಇವತ್ತಿನ ಮೊತ್ತಕ್ಕೂ ತಾಳೆಯೇ ಆಗುವುದಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ರಾತ್ರಿಯ ಹೊತ್ತು: ಹಣ ಮುಗಿದಾಗ ಯುಪಿಎಸ್ ಸದ್ದಿಲ್ಲದೆ ಹೊಣೆ ಹೊತ್ತುಕೊಳ್ಳುವುದರಿಂದ ದೀಪ, ಫ್ಯಾನುಗಳು ನಡೆಯುತ್ತಲೇ ಇರುತ್ತವೆ, ಯಾರಿಗೂ ಎಚ್ಚರವಾಗುವುದಿಲ್ಲ, ಬೆಳಗಿನ ಜಾವ ಬ್ಯಾಟರಿಯೂ ಬರಿದಾಗಿ, ಫ್ರಿಜ್ ಬೆವರಿ, ಅತ್ತೆಯವರ ನೆಬುಲೈಸರ್ ಹಾಕಬೇಕೆಂದರೆ ಕರೆಂಟೇ ಇಲ್ಲವೆಂಬುದು ಗೊತ್ತಾಗುತ್ತದೆ. ಹಣ ಕಟ್ಟಿದ ಮೇಲೂ ತಕ್ಷಣ ಸಂಪರ್ಕ ಮರಳದೆ ಕಾದದ್ದುಂಟು. ಇಂಥ ಮೀಟರುಗಳ ಜೊತೆ ಬದುಕುವವರು ಏನು ಮಾಡುತ್ತೀರಿ? ರಾತ್ರಿ ಹೊತ್ತು ಹೀಗೆ ನಿಲ್ಲಿಸುವುದು ಸರಿಯೇ?

ನಿವೃತ್ತ ಜೆ.ಇ.

ಅಮ್ಮಾ, ಕರೆಂಟು ಹೋದ ಕೂಡಲೇ ರೀಚಾರ್ಜ್ ಮಾಡಲು ಹೊರಡಬೇಡಿ. ಮೊದಲು ಮೀಟರಿನ ಪರದೆ ನೋಡಿ. ಮೀಟರಿಗೆ ಒಳಬರುವ ಬದಿಯ ತಂತಿಯಲ್ಲಿ ಕರೆಂಟು ಇರುವವರೆಗೂ ಪರದೆ ಬೆಳಗುತ್ತಲೇ ಇರುತ್ತದೆ. ಪರದೆ ಪೂರ್ತಿ ಸತ್ತಿದ್ದರೆ ತಪ್ಪು ನಿಮ್ಮ ಬ್ಯಾಲೆನ್ಸಿನದಲ್ಲ, ಬಡಾವಣೆಗೆ ಕರೆಂಟು ತರುವ ಫೀಡರ್ ಲೈನು ಹೋಗಿದೆ ಅಥವಾ ಕೆಳಗೆ ಫ್ಯೂಸ್ ಸುಟ್ಟಿದೆ. ಪರದೆ ಬೆಳಗುತ್ತಿದ್ದು ಬ್ಯಾಲೆನ್ಸ್ ಸೊನ್ನೆ ಅಥವಾ ಮೈನಸ್ ತೋರಿಸಿದರೆ ಹಣ ಮುಗಿದಿದೆ ಎಂದರ್ಥ. ಪರದೆಯೂ ಬೆಳಗುತ್ತಿದೆ, ಹಣವೂ ಇದೆ, ಆದರೂ ಮನೆಯಲ್ಲಿ ಕತ್ತಲೆ ಎಂದಾದರೆ ಹೊರೆ ಹೆಚ್ಚಾದರೆ ತಾನೇ ಆರುವ ಸ್ವಿಚ್ಚಾದ ಎಂಸಿಬಿ ಬಿದ್ದಿರಬೇಕು, ಇಲ್ಲವೇ ನಿಗದಿಪಡಿಸಿದ ಲೋಡ್ ಮೀರಿದ್ದರಿಂದ ಮೀಟರಿನ ಒಳಗೆ ಕರೆಂಟು ಕೂಡಿಸಿ ಬಿಡಿಸುವ ಸ್ವಿಚ್ಚಾದ ರಿಲೇ ಬಿಟ್ಟುಕೊಂಡಿರಬೇಕು.

ಈ ಕೊನೆಯದನ್ನು ಜನ ಗಮನಿಸುವುದೇ ಇಲ್ಲ. ಜನರೇಟರ್ ಮೇಲೆ ಕಟ್ಟಡ ನಡೆಯುತ್ತಿರುವಾಗ ಪ್ರತಿ ಮನೆಗೂ ಕಡಿಮೆ ಲೋಡ್ ಮಿತಿ ಇಟ್ಟಿರುತ್ತಾರೆ. ಯಾರೋ ಗೀಸರ್ ಹಾಕುತ್ತಾರೆ, ಮೀಟರ್ ಕಡಿತಗೊಳಿಸುತ್ತದೆ. ಕೆಲವು ನಿಮಿಷ ಬಿಟ್ಟು ತಾನೇ ಮತ್ತೆ ಕೊಟ್ಟು ನೋಡುತ್ತದೆ, ಗೀಸರ್ ಇನ್ನೂ ಆನ್ ಇದ್ದರೆ ಮತ್ತೆ ಬಿಡುತ್ತದೆ, ಹೀಗೆ ಕೆಲವು ಸಲವಾದ ಮೇಲೆ ಬೀಗ ಹಾಕಿಕೊಂಡು ಕೂರುತ್ತದೆ. ಮನೆಯವರು ಹಣ ಮುಗಿಯಿತೆಂದು ತಿಳಿದು ರೀಚಾರ್ಜ್ ಮೇಲೆ ರೀಚಾರ್ಜ್ ಮಾಡುತ್ತಾರೆ.

ಹಣ ಕಟ್ಟಿದ ಮೇಲೂ ತಡವಾಗುವುದಕ್ಕೆ ಕಾರಣವಿದೆ. ಹಳೆಯ ಬಗೆಯ ಟೋಕನ್ ಮೀಟರಿನಲ್ಲಿ ಲೆಕ್ಕ ಮೀಟರಿನೊಳಗೇ ಇರುತ್ತದೆ. 20 ಅಂಕಿಯ ಸಂಖ್ಯೆಯನ್ನು ಗುಂಡಿ ಒತ್ತಿ ತುಂಬಿಸಿದರೆ ಅಲ್ಲಿಗೆ ಮುಗಿಯಿತು, ನೆಟ್‌ವರ್ಕ್‌ನ ಹಂಗಿಲ್ಲ. ಈಗಿನ ಮೀಟರುಗಳಲ್ಲಿ ಬಹುಪಾಲು ಲೆಕ್ಕವಿರುವುದು ದೂರದ ಸರ್ವರಿನಲ್ಲಿ. ನಿಮ್ಮ ಹಣ ಬ್ಯಾಂಕಿನಿಂದ ಸರ್ವರಿಗೆ ಮುಟ್ಟಬೇಕು, ಸರ್ವರಿನ ಆದೇಶ ಕಟ್ಟಡದ ಕೆಳಗಿರುವ ಗೇಟ್‌ವೇ ಪೆಟ್ಟಿಗೆಗೆ ಬರಬೇಕು, ಅಲ್ಲಿಂದ ನಿಮ್ಮ ಮೀಟರಿಗೆ ಹೋಗಬೇಕು. ಆ ಪೆಟ್ಟಿಗೆಗೆ ಇಂಟರ್ನೆಟ್ ಕೊಡುವ ರೌಟರ್ ಎಲ್ಲಿದೆ, ಅದಕ್ಕೆ ಬ್ಯಾಟರಿ ಬೆಂಬಲವಿದೆಯೇ ಎಂದು ಒಮ್ಮೆ ವಿಚಾರಿಸಿ. ಕೆಲವು ಮೀಟರುಗಳಲ್ಲಿ ಆದೇಶ ಬಂದ ಮೇಲೂ ಮೀಟರಿನ ಗುಂಡಿಯನ್ನು ನೀವೇ ಒತ್ತಿ ಹಿಡಿದರೆ ಮಾತ್ರ ರಿಲೇ ಕೂಡಿಕೊಳ್ಳುತ್ತದೆ.

ಒಂದು ಮಾತನ್ನು ಕೇಳದಿದ್ದರೂ ಹೇಳುತ್ತೇನೆ: ಮೀಟರನ್ನು ತಪ್ಪಿಸಿ ನೇರ ತಂತಿ ಕೊಡುತ್ತೇನೆಂದು ಬರುವ ಎಲೆಕ್ಟ್ರಿಷಿಯನ್‌ಗಳನ್ನು ಹತ್ತಿರ ಸೇರಿಸಬೇಡಿ. ಸರಬರಾಜು ಕಂಪನಿಯ ಮೀಟರಾದರೆ ಅದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 135ನೇ ಕಲಮಿನಡಿ ಕಳವು ಎನಿಸಿಕೊಳ್ಳುತ್ತದೆ. ಸಂಘದ ಮೀಟರಾದರೂ ಬೆಂಕಿಯ ಅಪಾಯವೇನೂ ಕಡಿಮೆಯಲ್ಲ.

ಸಾಲಗಾಮೆ ರಸ್ತೆ ನಿವಾಸಿ

ಸರ್, ತಾವು ಹೇಳಿದಂತೆ ನೋಡಲು ಹೋದಾಗಲೇ ಇನ್ನೊಂದು ಸಂಗತಿ ಗೊತ್ತಾಯಿತು. ಮೀಟರುಗಳೆಲ್ಲವೂ ನೆಲಮಹಡಿಯ ಪ್ಯಾನೆಲ್ ಕೋಣೆಯಲ್ಲಿದ್ದು, ರಾತ್ರಿ ಅದಕ್ಕೆ ಬೀಗ ಹಾಕುತ್ತಾರೆ. ಬೀಗದ ಕೈ ಹಗಲು ಪಾಳಿಯ ಮೇಲ್ವಿಚಾರಕರ ಮನೆಯಲ್ಲಿರುತ್ತದೆ. ರೌಟರ್ ಇರುವುದು ಕಾವಲುಗಾರರ ಕೋಣೆಯಲ್ಲಿ, ಅವರ ಮೊಬೈಲ್ ಚಾರ್ಜರಿನ ಪಕ್ಕದ ಪ್ಲಗ್ಗಿನಲ್ಲಿ. ಅವರು ರಾತ್ರಿ ಮಲಗುವ ಮುನ್ನ ಆ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ಚನ್ನೇ ಆರಿಸುತ್ತಾರೆ! ಅವರಿಗೆ ಅದೇನೆಂದು ಯಾರೂ ತಿಳಿಸಿಕೊಟ್ಟಿರಲಿಲ್ಲವಂತೆ.

ನಿವೃತ್ತ ಜೆ.ಇ.

ಹಾಗಾದರೆ ನಿಮ್ಮ ಅರ್ಧ ತೊಂದರೆ ಆ ಸ್ವಿಚ್ಚಿನಲ್ಲಿಯೇ ಇತ್ತು. ಅದರ ಮೇಲೊಂದು ಚೀಟಿ ಅಂಟಿಸಿ, ಕೋಣೆಯ ಇನ್ನೊಂದು ಬೀಗದ ಕೈಯನ್ನು ರಾತ್ರಿ ಪಾಳಿಯವರ ಕೈಗೆ ಕೊಡಿಸಿ.

ಚನ್ನರಾಯಪಟ್ಟಣದ ಬಳಕೆದಾರ

ಎಲ್ಲರೂ ಪ್ರೀಪೇಯ್ಡ್ ಮೀಟರನ್ನು ದೂರುತ್ತಿರುವುದರಿಂದ ಇನ್ನೊಂದು ಮಗ್ಗುಲನ್ನೂ ಹೇಳಬೇಕಾಗಿದೆ. ನನ್ನ ಅಂಗಡಿ ಇರುವ ಸಂಕೀರ್ಣದಲ್ಲಿ ಇಂಥದೇ ಮೀಟರ್ ಇದ್ದು, ಅದು ಬಂದ ಮೇಲೆಯೇ ಯಾವ ಉಪಕರಣ ಎಷ್ಟು ಎಳೆಯುತ್ತದೆ ಎಂಬುದು ನನಗೆ ಮನವರಿಕೆಯಾಯಿತು. ತಿಂಗಳಿಗೊಮ್ಮೆ ಬರುವ ಬಿಲ್ಲು ಈ ಪಾಠ ಕಲಿಸುವುದಿಲ್ಲ.

ಹಣ ಯಾವಾಗ ಮುಗಿಯುತ್ತದೆ ಎಂಬುದಕ್ಕೆ ಲೆಕ್ಕವಿದೆ. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ನಡೆದರೆ ಒಂದು ಯೂನಿಟ್. 75 ವ್ಯಾಟಿನ ಹಳೆಯ ಫ್ಯಾನು ಒಂದು ಯೂನಿಟ್ ತಿನ್ನಬೇಕಾದರೆ 13 ಗಂಟೆಗೂ ಮೀರಿ ತಿರುಗಬೇಕು. 9 ವ್ಯಾಟಿನ ಎಲ್‌ಇಡಿ ಬಲ್ಬಿಗಾದರೆ 111 ಗಂಟೆ. ದೀಪ ಆರಿಸಿರೆಂದು ಮಕ್ಕಳ ಮೇಲೆ ರೇಗುತ್ತಾ, ಡಿಸೆಂಬರಿನ ಚಳಿಯಲ್ಲಿ ಗೀಸರನ್ನು ಬೆಳಗಿನಿಂದ ಹಾಕಿಯೇ ಇಡುವ ಮನೆಗಳನ್ನು ನಾನು ಬಲ್ಲೆ.

ನಿಗದಿತ ಶುಲ್ಕ ಇನ್ನೊಂದು. 2025-26ರ ದರಪಟ್ಟಿಯಂತೆ ಗೃಹಬಳಕೆಗೆ ಮಂಜೂರಾದ ಪ್ರತಿ ಕಿಲೋವ್ಯಾಟ್ ಲೋಡಿಗೆ ತಿಂಗಳಿಗೆ 145 ರೂಪಾಯಿ ಇತ್ತು. ಬಳಸಿದ ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ತೆರಿಗೆ ಮತ್ತು ವಿದ್ಯುತ್ ನೌಕರರ ಪಿಂಚಣಿಗೆಂದು ಹಾಕುವ ಸರ್ಚಾರ್ಜ್ ಸೇರಿದರೆ ಆರೂಮುಕ್ಕಾಲು ರೂಪಾಯಿಯ ಆಸುಪಾಸು ಆಗುತ್ತಿತ್ತು. ಆ ದರದಲ್ಲಿ 3 ಕಿಲೋವ್ಯಾಟಿನ ಮನೆಗೆ ನಿಗದಿತ ಶುಲ್ಕವೇ ತಿಂಗಳಿಗೆ 435 ರೂಪಾಯಿ, ದಿನಕ್ಕೆ ಹದಿನಾಲ್ಕೂವರೆ. ಪ್ರೀಪೇಯ್ಡ್ ಲೆಕ್ಕದಲ್ಲಿ ಇದನ್ನು ದಿನದಿನವೂ ಮುರಿಯುವುದರಿಂದ, ಮೇನ್ ಸ್ವಿಚ್ ಆರಿಸಿ ಊರಿಗೆ ಹೋದವರ ಬ್ಯಾಲೆನ್ಸೂ ಕರಗುತ್ತಲೇ ಇರುತ್ತದೆ. ಒಂದೇ ಸಂಪರ್ಕದಿಂದ ಹಂಚಿಕೊಳ್ಳುವ ನಿಮ್ಮಂಥ ಕಟ್ಟಡಗಳಲ್ಲಿ ದರ ಬೇರೆಯಿರಬಹುದು. ಸಂಘದವರನ್ನು ಕೇಳಿ ಲಿಖಿತವಾಗಿ ಪಡೆಯಿರಿ.

ನಾನು ಮಾಡುವುದಿಷ್ಟೇ: ದಿನದ ಸರಾಸರಿ ಖರ್ಚನ್ನು ಗೊತ್ತುಮಾಡಿಕೊಂಡು, ಏಳು ದಿನಕ್ಕೆ ಬೇಕಾಗುವಷ್ಟು ಹಣವನ್ನು ಮುಟ್ಟದ ಗಂಟೆಂದು ಬಿಟ್ಟಿದ್ದೇನೆ. ಬ್ಯಾಲೆನ್ಸ್ ಆ ಗಂಟಿನ ಮಟ್ಟಕ್ಕೆ ಇಳಿದಾಗಲೇ ನನ್ನ ಪಾಲಿಗೆ ಸೊನ್ನೆ.

ಜಿಲ್ಲಾಸ್ಪತ್ರೆಯ ಶುಶ್ರೂಷಕಿ

ಮೇಲಿನವರ ಲೆಕ್ಕ ಸರಿಯಾಗಿದೆ, ಆದರೆ ಅದು ಕೈಯಲ್ಲಿ ಏಳು ದಿನದ ಹಣ ಮಿಗುವವರ ಲೆಕ್ಕ. ದಿನಗೂಲಿ ಪಡೆಯುವ ಮನೆಯಲ್ಲಿ ನೂರು ರೂಪಾಯಿಯ ರೀಚಾರ್ಜೇ ದೊಡ್ಡದು ಎಂಬುದನ್ನು ಮರೆಯಬಾರದು.

ಪ್ರಶ್ನೆ ಕೇಳಿದ ಸಹೋದರಿಗೆ ಹೇಳಬೇಕಾದದ್ದು ಅವರ ಅತ್ತೆಯವರ ವಿಷಯ. ಸಾಮಾನ್ಯ ನೆಬುಲೈಸರ್ ಹೆಚ್ಚು ಕರೆಂಟು ಎಳೆಯುವ ಯಂತ್ರವಲ್ಲ. ಅದನ್ನು ಯುಪಿಎಸ್ ಸಾಲಿನ ಪ್ಲಗ್ಗಿಗೆ ತಂದುಕೊಂಡರೆ ಸಾಕು, ಆ ಒಂದು ಪ್ಲಗ್ಗನ್ನು ಬದಲಿಸುವುದು ಎಲೆಕ್ಟ್ರಿಷಿಯನ್‌ಗೆ ಸಣ್ಣ ಕೆಲಸ. ಅತ್ತೆಯವರಿಗೆ ಇನ್‌ಹೇಲರ್ ಮತ್ತು ಅದಕ್ಕೆ ಜೋಡಿಸುವ ಕೊಳವೆಯಾದ ಸ್ಪೇಸರ್ ಒಗ್ಗುತ್ತದೆಯೇ ಎಂದು ವೈದ್ಯರನ್ನು ಕೇಳಿ ಮನೆಯಲ್ಲಿ ಇಟ್ಟುಕೊಂಡರೆ ಕರೆಂಟಿನ ಹಂಗೇ ಇರುವುದಿಲ್ಲ. ಆಕ್ಸಿಜನ್ ಕಾನ್ಸೆಂಟ್ರೇಟರ್ ಇರುವ ಮನೆಯಾದರೆ ಮಾತು ಬೇರೆ. ಅದು 300 ವ್ಯಾಟಿಗೂ ಹೆಚ್ಚು ಎಳೆಯುವುದರಿಂದ ಮನೆಯ ಯುಪಿಎಸ್ ಅನ್ನು ನೆಚ್ಚಿಕೊಂಡು ಇಡೀ ರಾತ್ರಿ ಕಳೆಯಲಾಗದು. ತುಂಬಿದ ಸಿಲಿಂಡರ್ ಒಂದು ಮಂಚದ ಪಕ್ಕದಲ್ಲಿ ಇರಲೇಬೇಕು.

ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ. ಜನ ಮಾಡುವುದು ತದ್ವಿರುದ್ಧ: ಕರೆಂಟು ಹೋದೊಡನೆ ಹಾಲು ಕೆಟ್ಟಿತೇ ಎಂದು ಗಳಿಗೆಗೊಮ್ಮೆ ತೆರೆದು ನೋಡುತ್ತಾರೆ. ಬಳಸಲು ಶುರುಮಾಡಿದ ಇನ್ಸುಲಿನ್ ಹಾಸನದ ಹವೆಯಲ್ಲಿ ಮನೆಯೊಳಗಿನ ತಂಪು ಮೂಲೆಯಲ್ಲಿ ಕೆಡದೆ ಇರುತ್ತದೆ, ಸಾಮಾನ್ಯವಾಗಿ ನಾಲ್ಕು ವಾರಗಳವರೆಗೆ; ಒಡೆಯದ ಬಾಟಲಿಗಳಿಗೆ ಮಾತ್ರ 2ರಿಂದ 8 ಡಿಗ್ರಿಯ ಶೈತ್ಯ ಬೇಕು.

ಕಟ್ಟಡ ಗುತ್ತಿಗೆದಾರ, ಅರಸೀಕೆರೆ

ಮೇಡಂ, ನಮ್ಮ ಕಷ್ಟ ಬೇರೆ ತರಹದ್ದು. ಮನೆ ಕಟ್ಟಲು ಪಡೆಯುವ ತಾತ್ಕಾಲಿಕ ಸಂಪರ್ಕಕ್ಕೆ ಈಗ ಪ್ರೀಪೇಯ್ಡ್ ಮೀಟರ್ ಬಂದಿದೆ. ಅದರ ಯೂನಿಟ್ ದರವೂ ಮನೆಯ ದರಕ್ಕಿಂತ ಹೆಚ್ಚು. ಹೊಸ ಕಾಂಕ್ರೀಟನ್ನು ನೆನೆಸುವ ಕ್ಯೂರಿಂಗ್ ನೀರಿನ ಮೋಟಾರ್ ಅರ್ಧ ದಿನ ನಿಂತರೂ ಹೇಗೋ ಸುಧಾರಿಸಬಹುದು. ಮೋಲ್ಡ್ ಹಾಕುವ ದಿನ ಕರೆಂಟು ನಿಂತರೆ ಮಾತ್ರ ಸುಧಾರಿಸಲು ಆಗುವುದಿಲ್ಲ. ಕಾಂಕ್ರೀಟನ್ನು ಅದುರಿಸಿ ಕೂರಿಸುವ ವೈಬ್ರೇಟರ್ ನಿಂತುಹೋಗಿ, ಹಾಕಿದ ಕಾಂಕ್ರೀಟ್ ಗಟ್ಟಿಯಾದ ಮೇಲೆ ಪಕ್ಕಕ್ಕೆ ಹೊಸದನ್ನು ಸುರಿದರೆ ಎರಡೂ ಬೆರೆಯದೆ ಸಂದು ಉಳಿಯುತ್ತದೆ, ಮುಂದಿನ ಮಳೆಗಾಲದಲ್ಲಿ ಅಲ್ಲಿಂದಲೇ ಸೋರುತ್ತದೆ.

ಆದ್ದರಿಂದ ಮೋಲ್ಡಿನ ಹಿಂದಿನ ದಿನ ಕಚೇರಿ ವೇಳೆಯಲ್ಲೇ ರೀಚಾರ್ಜ್ ಮಾಡಿ, ಮೀಟರಿನ ಪರದೆಯ ಮೇಲೆ ಹೊಸ ಮೊತ್ತ ಬಂದದ್ದನ್ನು ಕಣ್ಣಾರೆ ನೋಡಿಯೇ ಗಾರೆಯವರಿಗೆ ಬರಲು ಹೇಳುತ್ತೇನೆ. ಆ್ಯಪ್ ತೋರಿಸುವುದನ್ನು ನಾನು ನಂಬುವುದಿಲ್ಲ. ರೀಚಾರ್ಜ್ ಮಾಡುವವರು ಮನೆ ಮಾಲೀಕರೋ ನಾವೋ ಎಂಬುದನ್ನು ಕರಾರು ಬರೆಯುವಾಗಲೇ ಬರೆಸಿಕೊಳ್ಳುವುದು ಒಳ್ಳೆಯದು. ಈ ಒಂದು ವಿಷಯಕ್ಕೆ ಮಾತು ಬೆಳೆದು ಕೆಲಸ ನಿಂತ ಸೈಟುಗಳಿವೆ.

ಸಕಲೇಶಪುರದ ತೋಟದವರು

ಹೆತ್ತೂರು ಕಡೆ ಹೋಂಸ್ಟೇ ಕಟ್ಟುವಾಗ ನಮಗೂ ಇಂಥ ತಾತ್ಕಾಲಿಕ ಸಂಪರ್ಕವಿತ್ತು. ನಮ್ಮಲ್ಲಿ ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಮರ ಬಿದ್ದು ಲೈನು ಹೋಗುವುದು, ಮೊಬೈಲ್ ಟವರಿನ ಬ್ಯಾಟರಿ ಮುಗಿದು ಸಿಗ್ನಲ್ ಹೋಗುವುದು ಎರಡೂ ಒಟ್ಟೊಟ್ಟಿಗೇ ಆಗುತ್ತವೆ. ಲೈನು ಸತ್ತಿರುವಾಗ ಮೀಟರೂ ಸತ್ತಿರುವುದರಿಂದ ಬೆಂಗಳೂರಿನಲ್ಲಿರುವ ಮಗಳು ಬಿಲ್ಲಿನಲ್ಲಿರುವ ಸಂಪರ್ಕದ ಗುರುತಾದ ಆರ್.ಆರ್. ಸಂಖ್ಯೆ ಹಾಕಿ ಹಣ ಕಟ್ಟಿದರೂ ಆದೇಶ ತೆಗೆದುಕೊಳ್ಳುವವರು ಯಾರೂ ಇರುವುದಿಲ್ಲ. ಪವರ್‌ಮ್ಯಾನ್ ಬಂದು ಲೈನು ಸರಿಮಾಡಿ, ಟವರ್ ಎದ್ದ ಮೇಲಷ್ಟೇ ಅದು ಮೀಟರಿಗೆ ಮುಟ್ಟುತ್ತದೆ. ಹೀಗಾಗಿ ಮಲೆನಾಡಿನ ಮಟ್ಟಿಗೆ, ಮೇ ತಿಂಗಳ ಕೊನೆಗೆ ಸೌದೆ, ಅಕ್ಕಿ ತುಂಬಿಸಿಡುವಂತೆ ಮೀಟರಿಗೂ ಮಳೆಗಾಲದ ಹಣ ತುಂಬಿಸಿಡುವುದೇ ಉಪಾಯ.

ಮ್ಯಾಂಚೆಸ್ಟರಿನಲ್ಲಿರುವ ಬೇಲೂರಿನವನು

ಇಂಗ್ಲೆಂಡಿನಲ್ಲಿ ಓದಲು ಬಂದವರು ಹಂಚಿಕೊಂಡಿರುವ ಬಾಡಿಗೆ ಮನೆಗಳಲ್ಲಿ ಪ್ರೀಪೇಯ್ಡ್ ಮೀಟರ್ ಮಾಮೂಲು. ಪ್ಲಾಸ್ಟಿಕ್ ಕೀಲಿಯೊಂದನ್ನು ಬೀದಿಯ ಅಂಗಡಿಗೆ ಒಯ್ದು ಹಣ ತುಂಬಿಸಿಕೊಂಡು ಬಂದು ಮೀಟರಿಗೆ ಚುಚ್ಚಬೇಕು; ಹೊಸ ಸ್ಮಾರ್ಟ್ ಮೀಟರುಗಳಲ್ಲಿ ಆ್ಯಪ್ ಸಾಕು, ಸಿಗ್ನಲ್ ಕೈಕೊಟ್ಟರೆ ರಸೀದಿಯಲ್ಲಿರುವ 20 ಅಂಕಿಗಳನ್ನು ಕೈಯಾರೆ ಒತ್ತಿ ತುಂಬಿಸಬಹುದು. ಈ ಎರಡನೆಯ ದಾರಿ ನಿಮ್ಮ ಮೀಟರಿನಲ್ಲೂ ಇದೆಯೇ ಎಂದು ಅಕ್ಕ ಒಮ್ಮೆ ವಿಚಾರಿಸಬೇಕು.

ಇಲ್ಲಿ ನನಗೆ ಹಿಡಿಸಿದ ಏರ್ಪಾಡು ಎರಡು. ಹಣ ಮುಗಿದರೂ ಐದರಿಂದ ಹತ್ತು ಪೌಂಡಿನಷ್ಟು ತುರ್ತು ಸಾಲವನ್ನು ಮೀಟರೇ ಕೊಡುತ್ತದೆ, ಮುಂದಿನ ರೀಚಾರ್ಜಿನಲ್ಲಿ ಮುರಿದುಕೊಳ್ಳುತ್ತದೆ. ಎರಡನೆಯದಾಗಿ, ಸಂಜೆಯಿಂದ ಮರುದಿನ ಬೆಳಗಿನವರೆಗೆ ಮತ್ತು ವಾರಾಂತ್ಯದಲ್ಲಿ ಸೊನ್ನೆಯಾದರೂ ಕರೆಂಟು ಕಡಿಯದ ವೇಳೆಯನ್ನು ಕಂಪನಿಗಳು ಇಟ್ಟಿರುತ್ತವೆ. ಹಾಗೆಂದು ಎಲ್ಲವೂ ಸುಖವಲ್ಲ. ಬಾಕಿ ಇರುವ ಬಡವರ ಮನೆಗಳಿಗೆ ಬಲವಂತವಾಗಿ ಈ ಮೀಟರ್ ಕೂರಿಸುತ್ತಿದ್ದುದು ದೊಡ್ಡ ಗದ್ದಲವಾಗಿ, 2023ರ ಫೆಬ್ರವರಿಯಲ್ಲಿ ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಅದನ್ನು ತಡೆಯಬೇಕಾಯಿತು. ಆಮೇಲೆ ತಂದ ನಿಯಮಗಳಲ್ಲಿ ಎರಡು ವರ್ಷದೊಳಗಿನ ಮಗುವಿರುವ ಮನೆ, ನೆರವಿಗೆ ಯಾರೂ ಇಲ್ಲದ 75 ದಾಟಿದ ವೃದ್ಧರ ಮನೆಗಳಿಗೆ ಬಲವಂತದ ಅಳವಡಿಕೆ ಕೂಡದೆಂದು ಹೇಳಿದ್ದಾರೆ.

ವಕೀಲರು, ಕುವೆಂಪುನಗರ

ಕಾನೂನಿನ ಬಗ್ಗೆ ಕೇಳಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. 2003ರ ಕಾಯ್ದೆಯ 56ನೇ ಕಲಮಿನಂತೆ, ಬಾಕಿ ಉಳಿಸಿಕೊಂಡ ಗ್ರಾಹಕನ ಸಂಪರ್ಕ ಕಡಿಯುವ ಮೊದಲು ಲೈಸೆನ್ಸುದಾರರು, ಅಂದರೆ ಸರಬರಾಜು ಕಂಪನಿಯವರು, 15 ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಡಬೇಕು. ಪ್ರೀಪೇಯ್ಡ್‌ನಲ್ಲಿ ಬಾಕಿ ಎಂಬುದೇ ಹುಟ್ಟುವುದಿಲ್ಲ, ಹಣ ಮುಗಿದರೆ ಸರಕು ಮುಗಿದಂತೆ ಎಂದು ಒಂದು ಕಡೆಯವರ ವಾದ. ಕತ್ತಲೆ ಕತ್ತಲೆಯೇ, ಎಚ್ಚರಿಕೆಯಿಲ್ಲದೆ ಕಡಿಯಲಾಗದು ಎಂದು ಇನ್ನೊಂದು ಕಡೆಯವರದು. ನನ್ನ ಒಲವು ಎರಡನೆಯದರ ಕಡೆಗೆ. ಅದೇ ಕಾಯ್ದೆಯ 47(5)ನೇ ಉಪಕಲಮು ಪ್ರೀಪೇಯ್ಡ್ ಒಪ್ಪಿದವರಿಂದ ಭದ್ರತಾ ಠೇವಣಿ ಕೇಳುವಂತಿಲ್ಲ ಎನ್ನುತ್ತದೆ.

ಆದರೆ ತಮ್ಮ ಪ್ರಕರಣದಲ್ಲಿ ಕಡಿಯುತ್ತಿರುವುದು ಲೈಸೆನ್ಸುದಾರ ಕಂಪನಿಯಲ್ಲ, ಸಂಘ. ಇಲ್ಲಿ ತಮಗೆ ಹೆಚ್ಚು ಉಪಯೋಗಕ್ಕೆ ಬರುವುದು ವಿದ್ಯುತ್ ಗ್ರಾಹಕರ ಹಕ್ಕುಗಳ 2020ರ ನಿಯಮಗಳಿಗೆ 2024ರ ಫೆಬ್ರವರಿಯಲ್ಲಿ ಮಾಡಿದ ತಿದ್ದುಪಡಿ. ಒಂದೇ ಸಂಪರ್ಕವಿರುವ ವಸತಿ ಸಮುಚ್ಚಯಗಳಲ್ಲಿ ಸರಬರಾಜು ಕಂಪನಿಯಿಂದ ಬಂದ ಕರೆಂಟಿನ ವೈಯಕ್ತಿಕ ಬಳಕೆ, ಸಂಘದ ಜನರೇಟರಿನಿಂದ ಬಂದದ್ದರ ವೈಯಕ್ತಿಕ ಬಳಕೆ, ಲಿಫ್ಟು ಮೆಟ್ಟಿಲುಗಳಂಥ ಸಾಮಾನ್ಯ ಜಾಗಗಳ ಬಳಕೆ, ಈ ಮೂರಕ್ಕೂ ಪ್ರತ್ಯೇಕ ಅಳತೆ, ಪ್ರತ್ಯೇಕ ಬಿಲ್ಲು ಇರಬೇಕೆಂದು ಅದು ಹೇಳುತ್ತದೆ. ಮನೆಮಾಲೀಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಯಸಿದರೆ ಕಂಪನಿಯಿಂದಲೇ ನೇರ ವೈಯಕ್ತಿಕ ಸಂಪರ್ಕ ಪಡೆಯಲೂ ಅವಕಾಶವಿದೆ. ಮೇಂಟೆನೆನ್ಸ್ ಬಾಕಿಯನ್ನು ಕರೆಂಟಿನ ಹಣದಿಂದ ಕಳೆದು ಮನೆ ಕತ್ತಲಾಗಿಸುವುದು ವಸೂಲಿಯ ಸುಲಭ ದಾರಿಯೇ ಹೊರತು ನ್ಯಾಯವಾದ ದಾರಿಯಲ್ಲ. ತಾವು ಬಾಡಿಗೆದಾರರಾದ್ದರಿಂದ ಮನೆಮಾಲೀಕರ ಸಹಿಯೊಂದಿಗೆ ಸಂಘಕ್ಕೆ ಪತ್ರ ಕೊಡಿ. ಜಗಳವಾಡುವುದಕ್ಕಿಂತ ಪತ್ರಕ್ಕೆ ಸ್ವೀಕೃತಿ ಪಡೆಯುವುದು ಮೇಲು.

ಚನ್ನರಾಯಪಟ್ಟಣದ ಬಳಕೆದಾರ

ವಕೀಲರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ರಾತ್ರಿ ಕಡಿಯಬಾರದೆಂದು ಸಂಘಕ್ಕೆ ಹೇಳಿದರೆ, ಹಣ ಕಟ್ಟದವರ ಕರೆಂಟಿನ ಖರ್ಚನ್ನು ಕಟ್ಟಿದವರು ಹೊರಬೇಕಾಗುತ್ತದಲ್ಲವೇ?

ನಿವೃತ್ತ ಜೆ.ಇ.

ಹೊರಬೇಕಾಗಿಲ್ಲ, ಸ್ವಾಮಿ. ರಾತ್ರಿ ಬಳಸಿದ್ದು ಮೈನಸ್ ಆಗಿ ದಾಖಲಾಗುತ್ತದೆ, ಬೆಳಗ್ಗೆ ಹಣ ಕಟ್ಟಿದಾಗ ಮೊದಲು ಅದೇ ಮುರಿಯುತ್ತದೆ. ಒಂದು ಮನೆ ಒಂದು ರಾತ್ರಿಯಲ್ಲಿ ಎಷ್ಟು ಯೂನಿಟ್ ಉರಿಸೀತು? ಬಿಹಾರದಲ್ಲಿ ಪ್ರೀಪೇಯ್ಡ್ ಸ್ಮಾರ್ಟ್ ಮೀಟರ್ ದೊಡ್ಡ ಪ್ರಮಾಣದಲ್ಲಿ ಬಂದಾಗಲೂ ಕಡಿತವನ್ನು ಹಗಲು ವೇಳೆಗೆ ಸೀಮಿತಗೊಳಿಸಿದರು. ದೂರದಿಂದ ಕಡಿಯುವ ಅಧಿಕಾರ ಯಂತ್ರಕ್ಕೆ ಸಿಕ್ಕಾಗ ಏನಾಗಬಹುದು ಎಂಬುದನ್ನು 2020ರ ಆಗಸ್ಟ್ 12ರಂದು, ಕೃಷ್ಣಜನ್ಮಾಷ್ಟಮಿಯ ದಿನ, ಉತ್ತರ ಪ್ರದೇಶ ಕಂಡಿದೆ. ತಪ್ಪು ಆದೇಶವೊಂದು ಹೊರಟು, ಬಿಲ್ಲು ಕಟ್ಟಿದ್ದ ಸ್ಮಾರ್ಟ್ ಮೀಟರ್ ಮನೆಗಳಲ್ಲೂ ಹಬ್ಬದ ಹೊತ್ತಿಗೆ ಕರೆಂಟು ಹೋಯಿತು. ಅದಕ್ಕೇ ನಾನು ಹೇಳುವುದು, ಕಡಿಯುವುದಿದ್ದರೆ ಫೋನ್ ಎತ್ತಲು ಕಚೇರಿಯಲ್ಲಿ ಮನುಷ್ಯರೊಬ್ಬರು ಕೂತಿರುವ ವೇಳೆಯಲ್ಲೇ ಕಡಿಯಬೇಕು.

ಸಾಲಗಾಮೆ ರಸ್ತೆ ನಿವಾಸಿ

ಎಲ್ಲರಿಗೂ ವಂದನೆಗಳು. ಮನೆಮಾಲೀಕರ ಸಹಿಯೊಂದಿಗೆ ಪತ್ರ ಕೊಟ್ಟೆವು. ನೆಬುಲೈಸರಿನ ಪ್ಲಗ್ಗನ್ನು ಯುಪಿಎಸ್ ಸಾಲಿಗೆ ಬದಲಿಸಿದ್ದಾಗಿದೆ. ಯುಪಿಎಸ್ ಇಲ್ಲದ ಸಾಲಿನಲ್ಲಿ ಅಡುಗೆಮನೆಯ ಬಾಗಿಲ ಮೇಲೆ ಒಂದು ಸಣ್ಣ ಸೂಚಕ ದೀಪ ಹಾಕಿಸಿದ್ದೇವೆ. ಅದು ಆರಿದ್ದರೆ ಮೀಟರ್ ಕಡಿದಿದೆ ಎಂದು, ಮನೆಯ ಬೇರೆ ದೀಪಗಳು ಉರಿಯುತ್ತಿದ್ದರೂ ನೀರು ಕುಡಿಯಲು ಎದ್ದವರಿಗೆ ತಿಳಿಯುತ್ತದೆ. ಸಂಘದವರು ಮೇಂಟೆನೆನ್ಸ್ ಹಣವನ್ನು ಬೇರೆ ಮಾಡುವ ವಿಷಯವನ್ನು ಮುಂದಿನ ಸಭೆಗೆ ಇಟ್ಟಿದ್ದಾರೆ. ಸಂಜೆ 5ರಿಂದ ಬೆಳಿಗ್ಗೆ 10ರವರೆಗೆ ಕಡಿಯದಂತೆ ಸಾಫ್ಟ್‌ವೇರಿನಲ್ಲಿ ವೇಳೆ ಹಾಕಲು ಮಾತ್ರ ಈಗಲೇ ಒಪ್ಪಿದ್ದಾರೆ. ಹಾಸನಾಂಬೆಯ ದರ್ಶನಕ್ಕೆ ಬರುವ ನೆಂಟರಿಂದ ಮನೆ ತುಂಬುವ ಮುನ್ನ ಇದು ಜಾರಿಗೆ ಬಂದರೆ ಸಾಕಾಗಿದೆ. ಹಾಕಿದ ವೇಳೆ ನಿಜವಾಗಿ ಕೆಲಸ ಮಾಡುತ್ತದೆಯೇ ಎಂದು ಪರೀಕ್ಷಿಸುವುದು ಹೇಗೆ ಸರ್?

ನಿವೃತ್ತ ಜೆ.ಇ.

ಸೂಚಕ ದೀಪದ ಉಪಾಯ ಚೆನ್ನಾಗಿದೆ ಅಮ್ಮಾ, ನನಗೂ ಹೊಳೆದಿರಲಿಲ್ಲ. ಪರೀಕ್ಷೆಗೆ ಖಾಲಿ ಇರುವ ಮನೆಯೊಂದರ ಮೀಟರನ್ನು ಆರಿಸಿಕೊಂಡು, ಸಂಜೆ 6ರ ಮೇಲೆ ಅದರ ಬ್ಯಾಲೆನ್ಸ್ ಸೊನ್ನೆಯಾಗುವಂತೆ ಸಂಘದ ಕಚೇರಿಯಿಂದಲೇ ಮಾಡಿಸಿ; ಒಂದು ಬಲ್ಬು ಉರಿಯುತ್ತಿರಲಿ. ಅದು ರಾತ್ರಿಯಿಡೀ ಉರಿದು ಮರುದಿನ 10 ಗಂಟೆ ದಾಟಿದ ಮೇಲೆ ಆರಬೇಕು. ಅದಕ್ಕೂ ಮೊದಲು ಮೀಟರಿನ ಗುಂಡಿ ಒತ್ತುತ್ತಾ ಹೋಗಿ, ಪರದೆಯಲ್ಲಿ ಬರುವ ದಿನಾಂಕ ಮತ್ತು ಗಂಟೆಯನ್ನು ನಿಮ್ಮ ಮೊಬೈಲಿನ ಗಂಟೆಯೊಂದಿಗೆ ತಾಳೆ ನೋಡಿ. ಮೀಟರಿನ ಒಳಗಡಿಯಾರ ಎರಡು ಗಂಟೆ ಹಿಂದೆ ಬಿದ್ದಿದ್ದರೆ, ಸಂಜೆ 5ಕ್ಕೆ ಶುರುವಾಗಬೇಕಾದ ರಕ್ಷಣೆ 7ಕ್ಕೆ ಶುರುವಾಗುತ್ತದೆ. ಒಂದೊಂದು ಮೀಟರಿನ ಗಡಿಯಾರವೂ ಬೇರೆ ಬೇರೆ ಓಡಿರಬಹುದು, ಆದ್ದರಿಂದ ನಿಮ್ಮದನ್ನಷ್ಟೇ ನೋಡಿ ಬಿಡದೆ ಪ್ಯಾನೆಲ್ ಕೋಣೆಯಲ್ಲಿರುವ ಎಲ್ಲವನ್ನೂ ಬರೆದುಕೊಂಡು, ತಪ್ಪಿದ್ದವನ್ನು ಸರಿಮಾಡಲು ಮೀಟರ್ ಕಂಪನಿಯವರಿಗೆ ಪಟ್ಟಿ ಕೊಡಿ.